ಗೋಜಿಯ ಗೋಜು

“ಅದರ ಗೋಜಿಗೆ ಹೋಗಬೇಡ” ಎಂಬ ಮಾತನ್ನು ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಅದೇ ಹೆಸರಿನ ಹಣ್ಣೊಂದು ಮನೆಯೊಳಗೆ ಬಂದು ನಮ್ಮನ್ನು ನಿಜಕ್ಕೂ ಗೋಜಿಗೆ ಸಿಲುಕಿಸುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಐದು ವರ್ಷಗಳ ಹಿಂದೆ ತಮ್ಮ ದುಬೈಯಿಂದ ರಜೆಗೆ ಬಂದಾಗ ಖರ್ಜೂರ, ಪಿಸ್ತಾಗಳ ಜೊತೆ ಒಂದು ಪೊಟ್ಟಣ ತಂದಿದ್ದ. ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ ಕೆಂಪು ಹಣ್ಣುಗಳು. “ಗೋಜಿ ಬೆರಿ ಅಮ್ಮಿ, ಕಣ್ಣಿಗೆ ಒಳ್ಳೆಯದು, ಶಕ್ತಿಗೂ ಒಳ್ಳೆಯದು” ಎಂದ. ಪೊಟ್ಟಣದ ಮೇಲೆ ಚೀನಾದ ನಿಂಗ್‌ಶಿಯಾ ಎಂಬ ಊರಿನ ಹೆಸರಿತ್ತು. ಕುತೂಹಲದಿಂದ ಹುಡುಕಿ ಓದಿದೆ. ಅದು ಊರಲ್ಲ, ಹಳದಿ ನದಿಯ ದಂಡೆಯ ಒಣ ಸೀಮೆ. 1958ರಲ್ಲಿ ಹುಯಿ ಮುಸ್ಲಿಮರ ಸ್ವಾಯತ್ತ ಪ್ರದೇಶವಾಯಿತು. ಅಲ್ಲಿಯ ಮನೆಗಳಲ್ಲಿ ಅತಿಥಿಗಳಿಗೆ ಮುಚ್ಚಳದ ಬಟ್ಟಲಿನಲ್ಲಿ ಗೋಜಿ, ಒಣಗಿದ ಕೆಂಪು ಬೋರೆ, ಕಲ್ಲುಸಕ್ಕರೆ ಹಾಕಿದ ಚಹಾ ಕೊಡುತ್ತಾರಂತೆ. ಇದನ್ನು ಕೇಳಿ ಅಮ್ಮಿಗೆ ಆ ಹಣ್ಣಿನ ಮೇಲೆ ಪ್ರೀತಿ ಇಮ್ಮಡಿಯಾಯಿತು. ರಾತ್ರಿ ಒಂದು ಹಿಡಿ ನೆನೆಹಾಕಿ ಬೆಳಗ್ಗೆ ನೀರಿನ ಸಮೇತ ತಿನ್ನತೊಡಗಿದರು. ನಾನೂ ನಾಲ್ಕು ಹಣ್ಣು ನೆನೆಸಿ, ಕಿವುಚಿ, ಬೀಜಗಳನ್ನು ಒಡೆದ ಕುಂಡವೊಂದರಲ್ಲಿ ಉದುರಿಸಿದೆ.

ಅಮ್ಮಿಯ ಹೃದಯಕ್ಕೆ ಕೃತಕ ಕವಾಟ ಹಾಕಿದ್ದಾರೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. ಮೂರನೇ ವಾರ ಅವರ ಮೊಣಕೈ ಬಳಿ ನೀಲಿ ಕಲೆಗಳು ಕಂಡವು. ಹಲ್ಲುಜ್ಜಿದರೆ ರಕ್ತ. ಆಸ್ಪತ್ರೆಗೆ ಓಡಿದೆವು. 2.5ರಿಂದ 3.5ರೊಳಗೆ ಇರಬೇಕೆಂದು ಹೇಳಿದ್ದ ಐಎನ್‌ಆರ್ 5.8 ಇತ್ತು. “ಹೊಸದಾಗಿ ಏನಾದರೂ ಔಷಧಿ ತಗೊಂಡಿದ್ದೀರಾ ಅಮ್ಮಾ?” ಎಂದು ಡಾಕ್ಟರು ಕೇಳಿದರು. “ಏನೂ ಇಲ್ಲ” ಎಂದರು ಅಮ್ಮಿ. ಅವರು ಸುಳ್ಳು ಹೇಳಿರಲಿಲ್ಲ. ಹಣ್ಣನ್ನು ಯಾರಾದರೂ ಔಷಧಿ ಎನ್ನುತ್ತಾರೆಯೇ? ನನಗೆ ಗೋಜಿಯ ನೆನಪಾದದ್ದು ಡಾಕ್ಟರು ಎರಡನೇ ಸಲ ಕೇಳಿದಾಗ.

ಡಾಕ್ಟರು ತಲೆಯಾಡಿಸಿದರು. ಗೋಜಿಯ ಕಷಾಯ ಕುಡಿದ ಮಹಿಳೆಯೊಬ್ಬರಿಗೆ ವಾರ್ಫರಿನ್‌ನ ಪ್ರಭಾವ ಹೀಗೇ ಏರಿದ್ದು 2001ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆಯಂತೆ. ಮಾತ್ರೆಯನ್ನು ಕೆಲ ದಿನ ತಡೆಹಿಡಿದು, ಮತ್ತೆ ಮತ್ತೆ ರಕ್ತ ಪರೀಕ್ಷಿಸಿ ಸರಿಗೆ ತಂದರು. ಆ ನಾಲ್ಕು ರಾತ್ರಿ ನಾನು ಅಮ್ಮಿಯ ಹಾಸಿಗೆಯ ಪಕ್ಕದಲ್ಲೇ ಕೂತಿದ್ದೆ. ನಿಂಗ್‌ಶಿಯಾದ ಕಥೆ ಹೇಳಿ ಆಸೆ ಹುಟ್ಟಿಸಿದವಳು ನಾನೇ ತಾನೆ?

ಮನೆಗೆ ಬಂದಾಗ ಕುಂಡದಲ್ಲಿ ಆರೇಳು ಮೊಳಕೆಗಳು! ಸಿಟ್ಟಿನಿಂದ ಕೀಳಲು ಹೋದೆ. “ಬಿಡು ಬೇಟಿ, ಅದೇನು ತಪ್ಪು ಮಾಡಿದೆ? ಕೇಳದೆ ತಿಂದವಳು ನಾನು” ಎಂದರು ಅಮ್ಮಿ. ಗಟ್ಟಿಯಾಗಿದ್ದ ಎರಡು ಸಸಿಗಳನ್ನು ಹಿತ್ತಲಿನಲ್ಲಿ ಅವರೇ ನೆಡಿಸಿದರು.

ನಮ್ಮ ಚಿತ್ರದುರ್ಗದ ಬಿಸಿಲು ಅದಕ್ಕೆ ಒಗ್ಗಿತು. ಸ್ವಲ್ಪ ಕ್ಷಾರದ ಮಣ್ಣನ್ನೂ ಸಹಿಸುವ ಗಿಡ ಅದು. ಬುಡದಲ್ಲಿ ನೀರು ನಿಂತರೆ ಮಾತ್ರ ಸಹಿಸದು. ಮೊದಲ ಮಳೆಗಾಲದಲ್ಲಿ ಎಲೆಗಳಿಗೆ ಬೂದಿ ರೋಗ ಬಂದು ಒಂದು ಸಸಿ ಸತ್ತಿತು. ಉಳಿದದ್ದಕ್ಕೆ ಅಮ್ಮಿ ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಚಿಮುಕಿಸಿದರು. ಗಾಳಿಯಾಡಲೆಂದು ನಾನು ಒತ್ತಾದ ಕೊಂಬೆಗಳನ್ನು ಕತ್ತರಿಸಿದೆ. ಹಣ್ಣು ಕಚ್ಚುವುದು ಹೊಸ ಚಿಗುರಿನಲ್ಲೇ ಆದ್ದರಿಂದ ಕತ್ತರಿಸುವುದು ಹೇಗೂ ಒಳ್ಳೆಯದೇ. ಅಲ್ಲಲ್ಲಿ ಮುಳ್ಳುಗಳಿವೆ, ಕೈಗೆ ಜೋಪಾನ.

ಮೂರನೇ ವರ್ಷ ನೇರಳೆ ಬಣ್ಣದ ಪುಟ್ಟ ನಕ್ಷತ್ರಗಳಂಥ ಹೂಗಳು ಬಿಟ್ಟವು. “ಅರೆ, ಇದು ಬದನೆ ಹೂವಿನ ತಂಗಿ!” ಎಂದರು ಅಮ್ಮಿ. ಸಸ್ಯಶಾಸ್ತ್ರ ಓದದ ಅವರು ಹೇಳಿದ್ದು ಸರಿಯಾಗಿತ್ತು. ಬದನೆ, ಟೊಮೆಟೊ, ಮೆಣಸಿನಕಾಯಿ, ಹಕೀಮರು ಮಕೋ ಎನ್ನುವ ನಮ್ಮ ಗಣಿಕೆ ಹಣ್ಣು, ಎಲ್ಲವೂ ಒಂದೇ ಕುಟುಂಬ. ಕಣ್ಣಿಗೆ ಒಳ್ಳೆಯದೆಂದು ದುಬೈಯಿಂದ ದುಬಾರಿ ಪೊಟ್ಟಣ ಬರುವಾಗ, ಬೇಲಿಯಂಚಿನ ಗಣಿಕೆಯನ್ನು ನಾವು ಕಳೆಯೆಂದು ಕಿತ್ತೆಸೆಯುತ್ತಿದ್ದೆವು. ಈಗ ಎರಡೂ ಅಕ್ಕಪಕ್ಕದಲ್ಲಿವೆ.

ವರ್ಷಕ್ಕೆ ಸಿಗುವುದು ಎರಡು ಮೂರು ಹಿಡಿ ಹಣ್ಣು, ಅಷ್ಟೆ. ಹಸಿ ಹಣ್ಣು ಸಿಹಿ, ಕೊನೆಗೆ ತುಸು ಕಹಿ. ಸಿಪ್ಪೆ ತೆಳು, ಒತ್ತಿ ಹಿಡಿದರೆ ಒಡೆಯುತ್ತದೆ. ಅದಕ್ಕೇ ಅಮ್ಮಿ ತಮ್ಮ ಹಳೆಯ ದುಪಟ್ಟಾವನ್ನು ಬುಡದಲ್ಲಿ ಹಾಸಿ ಕೊಂಬೆಯನ್ನು ಮೆಲ್ಲಗೆ ಅಲ್ಲಾಡಿಸುತ್ತಾರೆ. ತಾವು ಒಂದನ್ನೂ ಬಾಯಿಗೆ ಹಾಕುವುದಿಲ್ಲ. ಪಿಕಳಾರಗಳು ಕದ್ದರೆ “ತಿನ್ನಲಿ, ಅದೂ ಸದಕಾ” ಎನ್ನುತ್ತಾರೆ. ಓಣಿಯ ಮಕ್ಕಳಿಗೆ ಎರಡೆರಡು ಹಂಚುತ್ತಾರೆ.

ಮೊನ್ನೆ ಪಕ್ಕದ ಮನೆಯ ಶಾರದಮ್ಮ ಕೈಯೊಡ್ಡಿದಾಗ ಅಮ್ಮಿ ಹಣ್ಣನ್ನು ಮುಷ್ಟಿಯಲ್ಲೇ ಹಿಡಿದು ಮೊದಲು ಕೇಳಿದರು: “ನೀವು ರಕ್ತ ತೆಳುವಾಗೋ ಮಾತ್ರೆ ತಗೋತೀರಾ ಅಕ್ಕಾ?”

ಇಲ್ಲ ಎಂದ ಮೇಲೆಯೇ ಮುಷ್ಟಿ ಬಿಚ್ಚಿದ್ದು.