ಮಾಳಿಗೆಯ ಮೇಲೆ ಆಂಟೆನಾ

ಟೀವಿ ಬೆಂಗಳೂರಿಗಿಂತ ಮೊದಲು ನಮ್ಮ ಸೀಮೆಗೆ ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ, ಉಪಗ್ರಹದಿಂದ ಹಳ್ಳಿಗಳಿಗೆ ಟೀವಿ ಮುಟ್ಟಿಸುವ ‘ಸೈಟ್’ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದ ಪಾಲು ಬಂದದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ. ಅಮೆರಿಕದ ಎಟಿಎಸ್-6 ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಿಂದ ಕಳಿಸಿದ್ದನ್ನು ಹಿಡಿಯಲು ಕೋಳಿಗೂಡಿನ ಜಾಲರಿ ಬಿಗಿದ ಹತ್ತಡಿಯ ತಟ್ಟೆ, ಅದರ ಮುಖ ಪಡುವಣ ಆಕಾಶಕ್ಕೆ! ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಒಕ್ಕಲುತನ, ಆರೋಗ್ಯ, ಮನರಂಜನೆ. ಕ್ಯಾಮೆರಾ ಹಿಂದೆ ನಿಂತವರ ನೆನಪುಗಳನ್ನು ಎಲ್ಲಿ ಸಿಕ್ಕರೂ ಆಸೆಯಿಂದ ಕೇಳುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಆ ಜಾಲರಿ ಬಿಗಿದವರೂ, ಹಳ್ಳಿಯ ಪೆಟ್ಟಿಗೆಯ ಉಸ್ತುವಾರಿ ಹೊತ್ತ ಮಾಸ್ತರರೂ ಟೀವಿ ಕಟ್ಟಿದವರೇ.

ವರ್ಷ ತುಂಬಿತು, ಉಪಗ್ರಹ ಹೋಯಿತು. 1977ರಲ್ಲಿ ಗುಲ್ಬರ್ಗಾದಲ್ಲೇ ದೂರದರ್ಶನದ ಪ್ರಸಾರ ಶುರುವಾಯಿತು; ಬೆಂಗಳೂರಿಗೆ ಆ ಯೋಗ ಬಂದದ್ದು 1981ರಲ್ಲಿ. ಇದನ್ನು ಹೇಳುವಾಗ ನನ್ನ ದನಿ ತುಸು ಏರುತ್ತದೆ, ಏರಲಿ.

ನನಗೆ ಹುಚ್ಚು ಹತ್ತಿದ್ದು ಈ ಗುಲ್ಬರ್ಗಾ ಪ್ರಸಾರ ಹಿಡಿಯುವ ಆಂಟೆನಾದಿಂದ. ನಮ್ಮೂರು ವಾಡಿಯಿಂದ ಗುಲ್ಬರ್ಗಾ ವಾಯವ್ಯಕ್ಕೆ. ಅಲ್ಯುಮಿನಿಯಂ ಕೊಳವೆಗಳಲ್ಲಿ ಗಿಡ್ಡವು ಆ ಕಡೆಗೆ, ಎಲ್ಲಕ್ಕಿಂತ ಉದ್ದದ್ದು ಹಿಂದೆ. ಮಾಳಿಗೆ ಮೇಲೆ ಪೈಪು ಹಿಡಿದವನಿಗೆ ಪರದೆ ಕಾಣುವುದಿಲ್ಲ, ಕೆಳಗಿನವರ ಕೂಗನ್ನೇ ನಂಬಬೇಕು.

“ಬಂತೇನ್ರೀ?”

“ಇನ್ನಾ ಸ್ವಲ್ಪ ಬಲಕ್ಕ, ಮಾಮಾ!”

“ಈಗ?”

“ಹೋತು, ಹೋತು! ಹಿಂದಕ್ಕ ತರ್ರಿ!”

ಜೋಳ ಚೆಲ್ಲಿದಂಥ ಚುಕ್ಕಿಗಳೊಳಗಿಂದ ಒಂದು ಮುಖ ಮೂಡಿತು ಅನ್ನುವಷ್ಟರಲ್ಲಿ ಪಕ್ಕಕ್ಕೆ ಅದರದೇ ನೆರಳು. ನೇರ ಬಂದ ಅಲೆಯ ಬೆನ್ನಿಗೆ ಎಲ್ಲೋ ಬಡಿದು ತಡವಾಗಿ ಬಂದ ಅಲೆಯ ಆಟವದು. ಅದನ್ನು ಕಳೆಯಲು ಪೈಪನ್ನು ಒಂದು ಬೆರಳಿನಷ್ಟು ಹೊರಳಿಸಬೇಕು, ಒಮ್ಮೊಮ್ಮೆ ಅದೂ ಹೆಚ್ಚಾಗುತ್ತದೆ. ಆ ಅಳತೆ ಯಾರೂ ಹೇಳಿಕೊಡುವುದಲ್ಲ, ಕೈಗೇ ಹತ್ತಬೇಕು. ಚಿತ್ರ ನೆಟ್ಟಗೆ ನಿಂತಾಗ ಕೆಳಗಿನಿಂದ ಏಳುವ “ಸಾಕ್, ಸಾಕ್!” ಎಂಬ ಕೂಗಿಗೆ ಸಮನಾದ ಶಾಬಾಸಗಿರಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಪಟ್ಟಿ ವೈರು ತಗಡಿಗೆ ತಾಗದಂತೆ ಇಳಿಸುವುದು, ತಂತಿ ಎಳೆದು ಪೈಪು ಬಿಗಿಯುವುದು, ಎಲ್ಲವೂ ನನಗೆ ಇಷ್ಟದ ಕೆಲಸವೇ. ಆಷಾಢದ ಗಾಳಿಗೆ ಪೈಪು ಹೊರಳಿತೆಂದು ನೆರೆಮನೆಯವರು ಕರೆದರೆ ಊಟ ಬಿಟ್ಟು ಏಳುತ್ತಿದ್ದೆ. ಈಗ ಮಾಳಿಗೆಗಳಲ್ಲಿ ಸಣ್ಣ ಡಿಶ್‌ಗಳಿವೆ. ಕೂಡಿಸಲು ಬಂದ ಹುಡುಗರ ಕೈಯಿಂದ ಪಾನಾ ಇಸಕೊಂಡು, ನಟ್ ಬಿಗಿಯುವ ಮುಂಚೆ ನಾನೂ ಒಮ್ಮೆ ಹೊರಳಿಸಿ ನೋಡುತ್ತೇನೆ.