ಚದರಡಿಗೆ ಒಂದೂವರೆ ರೂಪಾಯಿ

ಬೆಂಗಳೂರಿನ ಪೂರ್ವ ಅಂಚಿನಲ್ಲಿ ಹನ್ನೆರಡು ವರ್ಷ ಹಳೆಯ ಫ್ಲ್ಯಾಟೊಂದು ಮಾರಾಟಕ್ಕಿತ್ತು. ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದ ಹೈಸ್ಕೂಲು ಮೇಷ್ಟರೊಬ್ಬರಿಗೆ ಅದು ಹಿಡಿಸಿತು. ಬೆಲೆಗಿಂತ ಹೆಚ್ಚಾಗಿ ಹಿಡಿಸಿದ್ದು ಅಲ್ಲಿನ ತಿಂಗಳ ಖರ್ಚು. 'ಮೇಂಟೆನೆನ್ಸ್ ಚದರಡಿಗೆ ಒಂದೂವರೆ ರೂಪಾಯಿ ಅಷ್ಟೇ ಸಾರ್' ಎಂದಿದ್ದ ದಲ್ಲಾಳಿ. 1,200 ಚದರಡಿಗೆ 1,800 ರೂಪಾಯಿ. ಪಕ್ಕದ ಕಟ್ಟಡದಲ್ಲಿ ಇದರ ಎರಡರಷ್ಟು. ಸಾಲದ ಕಂತಿಗಾದರೂ ಒಂದು ಕೊನೆಯುಂಟು, ಮೇಂಟೆನೆನ್ಸನ್ನು ಪಿಂಚಣಿಯಲ್ಲೂ ಕಟ್ಟುತ್ತಲೇ ಇರಬೇಕು ಎಂಬ ಮೇಷ್ಟರ ಯೋಚನೆ ಸರಿಯಾಗಿಯೇ ಇತ್ತು.

ಬಿ.ಕಾಂ. ಎರಡನೇ ವರ್ಷದಲ್ಲಿದ್ದ ಮಗಳಿಗೆ ಮಾತ್ರ ಆ ಅಗ್ಗದ ದರವೇ ಅನುಮಾನ ತಂದಿತು. 'ಅಪ್ಪಾ, ನಮ್ಮ ಒಂದು ಮನೆಯ ಲೆಕ್ಕ ಬೇಡ, ಇಡೀ ಕಟ್ಟಡದ್ದು ಹಾಕೋಣ' ಎಂದಳು. ಒಂದೇ ಅಳತೆಯ ನಲವತ್ತು ಮನೆಗಳು. ತಿಂಗಳಿಗೆ 72,000 ರೂಪಾಯಿ. ಇದರಲ್ಲಿ ಏನೇನು ನಡೆಯಬೇಕು? ಗೇಟಿನಲ್ಲಿ ಹಗಲೂ ರಾತ್ರಿ ಒಬ್ಬ ಕಾವಲುಗಾರ ಎಂದರೆ ಎಂಟು ಗಂಟೆಯ ಪಾಳಿಯಂತೆ ಮೂವರು ಬೇಕು, ವಾರದ ರಜೆಗೆ ಇನ್ನೊಬ್ಬ. ಕಸ ಗುಡಿಸುವವರು, ಲಿಫ್ಟಿನ ವಾರ್ಷಿಕ ಗುತ್ತಿಗೆ, ಪಂಪಿನ ಕರೆಂಟು, ಜನರೇಟರಿನ ಡೀಸೆಲ್ಲು. ಇವೆಲ್ಲ ಹಾಗಿರಲಿ, ನೀರು?

ನೀರಿನದೇ ದೊಡ್ಡ ಕತೆ. ಆ ಕಟ್ಟಡಕ್ಕೆ ಕಾವೇರಿ ನೀರು ಬಂದಿರಲಿಲ್ಲ. ಕೊಳವೆಬಾವಿ ಬೇಸಿಗೆಯಲ್ಲಿ ಕೈಕೊಡುತ್ತಿತ್ತು. ನಗರಗಳ ನೀರಿನ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಾರೆ. ಮನೆಗೆ ನಾಲ್ವರಂತೆ ನಲವತ್ತು ಮನೆಗೆ 21,600 ಲೀಟರ್, ಅಂದರೆ 6,000 ಲೀಟರಿನ ನಾಲ್ಕು ಟ್ಯಾಂಕರು. 2024ರ ಮಾರ್ಚ್‌ನಲ್ಲಿ, ಆ ಬರದ ಬೇಸಿಗೆಯಲ್ಲಿ, ಜಿಲ್ಲಾಡಳಿತವು ಐದು ಕಿಲೋಮೀಟರಿನೊಳಗೆ ಇಂಥ ಟ್ಯಾಂಕರಿಗೆ ತೆರಿಗೆ ಬಿಟ್ಟು 600 ರೂಪಾಯಿ ಎಂದು ನಿಗದಿ ಮಾಡಿತ್ತು. ಆ ದರಕ್ಕೇ ಸಿಕ್ಕಿತೆಂದರೂ ದಿನಕ್ಕೆ 2,400, ತಿಂಗಳಿಗೆ 72,000. ಕೂಡಿಸಿದ ದುಡ್ಡೆಲ್ಲ ಸಂಪಿಗೇ ಹೋಯಿತು! ಕಾವಲುಗಾರನ ಸಂಬಳ ಎಲ್ಲಿಂದ?

ಸಂಘದ ಕಾರ್ಯದರ್ಶಿ ಒಳ್ಳೆಯವರು, ಹಿಂದಿನ ವರ್ಷದ ಲೆಕ್ಕಪತ್ರ ತೋರಿಸಿದರು. (ತೋರಿಸದ ಸಂಘಗಳೂ ಇವೆ. ಅಂಥಲ್ಲಿ ದರ ಎಷ್ಟೆಂದು ಕೇಳಿ ಪ್ರಯೋಜನವಿಲ್ಲ.) ಉತ್ತರ ಅದರಲ್ಲೇ ಇತ್ತು. ಬೇಸಿಗೆಯ ನಾಲ್ಕು ತಿಂಗಳು ನೀರಿನ ಬಾಬ್ತು ಬೇರೆಯಾಗಿ ಮನೆಗೆ 1,800. ಲಿಫ್ಟಿನ ರಿಪೇರಿಗೆಂದು ಒಮ್ಮೆ 4,800. ವರ್ಷದ 21,600ಕ್ಕೆ ಇವನ್ನು ಸೇರಿಸಿದರೆ 33,600. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,800. ಸುಣ್ಣಬಣ್ಣಕ್ಕೆ, ಮುಂದೆ ಲಿಫ್ಟ್ ಬದಲಿಸಲು ಎತ್ತಿಟ್ಟ ನಿಧಿ ಒಂದು ರೂಪಾಯಿಯೂ ಇಲ್ಲ. ಕಟ್ಟಡಕ್ಕೆ ಹನ್ನೆರಡು ವರ್ಷವಾದರೂ ಹೊರಗೋಡೆ ಮತ್ತೆ ಬಣ್ಣ ಕಂಡಿರಲಿಲ್ಲ. ಆ ಖರ್ಚು ಹೊಸದಾಗಿ ಬರುವವರಿಗೇ ಕಾದು ಕೂತಿತ್ತು.

ಹಾಗೆಂದು ಹೆಚ್ಚಿನ ದರವೆಲ್ಲ ನ್ಯಾಯವಾದದ್ದು ಎಂದೇನೂ ಅಲ್ಲ. ಪಕ್ಕದ ಕಟ್ಟಡದ 3,600ರಲ್ಲಿ ಕಾವೇರಿ ನೀರೂ ಇತ್ತು, ನಿಧಿಗೆ ಒಂದು ಪಾಲೂ ಇತ್ತು. ಜೊತೆಗೆ ಈಜುಕೊಳವೂ ಇತ್ತು. 'ನಮಗೆ ಈಜು ಬರೋಲ್ಲ, ನಾವು ಕೊಡೋಲ್ಲ' ಎನ್ನುವಂತಿಲ್ಲ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯ ಪ್ರಕಾರ ಸಾಮಾನ್ಯ ಸೌಲಭ್ಯವನ್ನು ಬಳಸದಿದ್ದರೂ ಅದರ ಖರ್ಚಿನ ಪಾಲು ತಪ್ಪುವುದಿಲ್ಲ.

ಲೆಕ್ಕಪತ್ರದ ಕೊನೆಯ ಹಾಳೆಯಲ್ಲಿ ಬಾಕಿದಾರರ ಪಟ್ಟಿಯಿತ್ತು. ಫ್ಲ್ಯಾಟು ಮಾರಲು ಹೊರಟವರದೇ ಏಳು ತಿಂಗಳ ಬಾಕಿ! ಅದೇ ಕಾಯಿದೆ ಹಳೆಯ ಬಾಕಿಗೆ ಮಾರಿದವರ ಜೊತೆ ಕೊಂಡವರನ್ನೂ ಹೊಣೆ ಮಾಡುತ್ತದೆ. ಬಾಕಿ ತೀರಿದೆಯೆಂಬ ಸಂಘದ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡುವುದಿಲ್ಲ, ಬಣ್ಣದ ಖರ್ಚಿನ ತಮ್ಮ ಪಾಲನ್ನೂ ಬೆಲೆಯಲ್ಲಿ ಮುರಿದುಕೊಳ್ಳಬೇಕು ಎಂದು ಮೇಷ್ಟರು ದಲ್ಲಾಳಿಗೆ ಹೇಳಿ ಕಳಿಸಿದರು. ಮಾತುಕತೆ ಇನ್ನೂ ನಡೆದಿದೆ.