ಹತ್ತು ಮನೆಯ ಆಯಿ

ನಮ್ಮ ಹುಲಸೂರಿನಲ್ಲಿ ವೃದ್ಧಾಶ್ರಮದ ಮಾತು ತೆಗೆದರೆ ಗಂಡಸರಿಗೆ ಕೂಡಲೇ ಸಿಟ್ಟು ಬರುತ್ತದೆ. “ಅದೆಲ್ಲಾ ಪುಣಾ, ಹೈದರಾಬಾದಿನೋರಿಗೆ. ನಮ್ಮಲ್ಲಿ ಮುದುಕರನ್ನ ಓಣೀನೇ ನೋಡ್ಕೋತದ” ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಓಣಿ ಎಂದರೆ ಯಾರು? ಕಟ್ಟೆಯ ಮೇಲೆ ಕುಳಿತು ಹೀಗೆ ಹೇಳಿದವರಂತೂ ಅಲ್ಲ. ಮಧ್ಯರಾತ್ರಿ ಎದ್ದು ಅತ್ತೆಯ ಹಾಸಿಗೆ ಬದಲಿಸಿ, ಬೆಳಗಾದರೆ ಅದನ್ನು ಒಗೆದು ಹಾಕುವವಳು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ಓಣಿಯ ಒಬ್ಬ ಆಯಿಯ ಸಂಗತಿ ಹೇಳುತ್ತೇನೆ. ವಯಸ್ಸು ಎಂಬತ್ತೈದು ದಾಟಿದೆ. 1948ರ ಪೊಲೀಸ್ ಆಕ್ಷನ್ ಕಾಲಕ್ಕೆ ಸಣ್ಣ ಹುಡುಗಿ. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ಲಗ್ನಕ್ಕೆ ಬಂದವಳು. ನಿಜಾಮರ ಕಾಲದ ಉರ್ದು, ಗಡಿಯಾಚೆಯ ಮರಾಠಿ, ಮನೆಯ ಕನ್ನಡ ಮೂರೂ ಅವಳ ನಾಲಿಗೆಯ ಮೇಲಿವೆ. ಮಕ್ಕಳು ಪುಣೆ ಸೇರಿದ ಮೇಲೆ ಒಬ್ಬಳೇ ಉಳಿದಳು. ಹಾಗೆಂದು ಒಂಟಿಯೇನಲ್ಲ. ಬೆಳಗಿನ ಚಹಾ ಎದುರು ಮನೆಯಿಂದ, ರೊಟ್ಟಿ ಪಲ್ಯ ಯಾರಾದರೊಬ್ಬರಿಂದ, ಬಿ.ಪಿ. ಗುಳಿಗೆ ತರುವುದು ಶಾಲೆ ಹುಡುಗರು. ಪುಕ್ಕಟೆ ಉಂಡವಳೂ ಅಲ್ಲ. ಓಣಿಯ ಅರ್ಧಕ್ಕರ್ಧ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆದ ಕೈ ಅವಳದು.

ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದ ಮೇಲೆ ಲೆಕ್ಕ ತಪ್ಪಿತು. ಚಹಾ ಕೊಡುವುದು ಬೇರೆ, ಎತ್ತಿ ಕೂಡಿಸುವುದು ಬೇರೆ. ಆಪರೇಶನ್ ಮುಗಿಸಿ ದೊಡ್ಡ ಮಗ ಅವಳನ್ನು ಪುಣೆಯ ಒಂದು ನರ್ಸಿಂಗ್ ಹೋಮಿನಲ್ಲಿಟ್ಟ.

ನಾನು ನೋಡಲು ಹೋಗಿದ್ದೆ. ದೂರುವಂಥದ್ದೇನೂ ಇರಲಿಲ್ಲ. ಬೆಳ್ಳನೆಯ ಹಾಸಿಗೆ, ಹೊತ್ತಿಗೆ ಸರಿಯಾಗಿ ಔಷಧ, ಎತ್ತಿ ಇಳಿಸಲು ಪಳಗಿದ ಹುಡುಗಿಯರು. ನಮ್ಮ ಮನೆಗಳಲ್ಲಿ ಅಷ್ಟು ಚೊಕ್ಕವಾಗಿ ನೋಡಿಕೊಳ್ಳುವುದು ಸುಳ್ಳು. ಎಲ್ಲರದೂ ಮರಾಠಿ, ಅದು ಆಯಿಗೆ ಬರುತ್ತಿತ್ತು. ಆದರೂ ಬಾಯಿ ಬಿಟ್ಟಿರಲಿಲ್ಲ.

“ಮಾತು ಬರ್ತದ ಯವ್ವಾ, ಏನಂತ ಮಾತಾಡ್ಲಿ? ಯಾರು ಹಡದ್ರು, ಯಾರು ಸತ್ರು, ಇಲ್ಲಿ ಒಂದೂ ತಿಳಿಯಂಗಿಲ್ಲ. ಎಳ್ಳಮಾವಾಸಿ ಬಂದು ಹೋತು, ನನಗ ಗೊತ್ತೇ ಆಗ್ಲಿಲ್ಲ” ಎಂದಳು. ನಮ್ಮ ಕಡೆ ಆ ದಿನ ಭಜ್ಜಿ, ಅಂಬಲಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ.

ಕಾಯ್ದೆ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ತಂದೆ ತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು. ನಮಗಾದರೆ ಬಸವಕಲ್ಯಾಣದ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ. ಆಯಿಯಂಥವರು ಮಗನ ಮೇಲೆ ಅರ್ಜಿ ಕೊಡುವುದುಂಟೇ! ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿ ಬಡ ವೃದ್ಧರಿಗಾಗುವ ಆಶ್ರಮ ಇರಲಿ ಎಂದೂ ಅದೇ ಕಾಯ್ದೆ ಹೇಳುತ್ತದೆ. ನೂರೈವತ್ತು ಮಂಚಗಳನ್ನು ಒಂದೇ ಕಡೆ ಹಾಕಿದರೆ ಊರುಗಳು ದೂರವಾಗುತ್ತವೆ. ಊರಿಗೆ ಹತ್ತೇ ಮಂಚವಿರಲಿ, ಸಂತೆಗೆ ಬಂದವರು ಇಣುಕಿ ಹೋಗುವ ಜಾಗದಲ್ಲಿರಲಿ ಎಂಬುದು ನನ್ನ ಆಸೆ.

ಕಡೆಗೆ ಆಯಿಯನ್ನು ತಿರುಗಿ ಕರೆತಂದೆವು. ಪುಣೆಯಲ್ಲಿ ಕಟ್ಟುತ್ತಿದ್ದ ರೊಕ್ಕದಲ್ಲಿ ಒಂದು ಪಾಲನ್ನು ಮಗ ಊರಿಗೇ ಕಳಿಸುವುದು, ಅದರಿಂದ ಓಣಿಯ ಇಬ್ಬರು ಹೆಣ್ಣುಮಕ್ಕಳಿಗೆ ಪಗಾರ ಎಂದು ಮಾತಾಯಿತು. ಎತ್ತುವುದು, ಮೈ ತೊಳೆಯುವುದು, ರಾತ್ರಿ ಮಗ್ಗುಲು ಬದಲಿಸುವುದು ಅವರ ಕೆಲಸ. ಚಹಾ, ರೊಟ್ಟಿ, ಹರಟೆ ಮೊದಲಿನಂತೆ ನಮ್ಮದು. ಮಗ್ಗುಲಲ್ಲಿ ಹುಣ್ಣಾಗದಂತೆ ಹೇಗೆ ಹೊರಳಿಸಬೇಕೆಂದು ಆಸ್ಪತ್ರೆಯ ನರ್ಸಬಾಯಿ ಒಂದು ಮಧ್ಯಾಹ್ನ ಬಂದು ತೋರಿಸಿಕೊಟ್ಟರು.

ಕಟ್ಟೆಯ ಮೇಲೆ ಗುಲ್ಲೆದ್ದಿತು. “ಮುದುಕಿ ಸೇವಾ ಮಾಡ್ಲಿಕ್ಕ ರೊಕ್ಕಾ?” ಸೊಸೆ ಮಾಡಿದಾಗ ಅದು ಸೇವೆ, ಬೇರೆಯವಳು ಮಾಡಿ ಕೂಲಿ ಕೇಳಿದರೆ ಪಾಪ! ಕಾಯಕದ ಮಾತು ಹುಟ್ಟಿದ ಕಲ್ಯಾಣ ನಮ್ಮ ಮಗ್ಗುಲಲ್ಲೇ ಇದೆ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದರೆ ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳಂತೆ. ದುಡಿದವಳಿಗೆ ಕಡಿಮೆ ಕೊಟ್ಟಿದ್ದರೆ ಅವಳು ಸುಮ್ಮನಿರುತ್ತಿದ್ದಳೆಂದು ನನಗನ್ನಿಸುವುದಿಲ್ಲ.

ಆಯಿಯ ಹೊರಸು ಈಗ ಪಡಸಾಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ ಇದೆ. ಹೊಸ ಬಾಣಂತಿಯರು ಕೂಸನ್ನು ತಂದು ಪಕ್ಕದಲ್ಲಿ ಮಲಗಿಸುತ್ತಾರೆ. ಎಣ್ಣೆ ಸಾಲದು, ನೀರು ಬಿಸಿಯಾಗಿಲ್ಲ ಎಂದು ಅವಳು ಬೈಯುತ್ತಾಳೆ. ಪಗಾರದ ಇಬ್ಬರಲ್ಲಿ ಒಬ್ಬಳು ತೊಗರಿ ರಾಶಿಯ ದಿನಗಳಲ್ಲಿ ಹೊಲಕ್ಕೆ ಹೋಗಲೇಬೇಕು. ಆ ರಾತ್ರಿಗಳಿಗೆ ಯಾರೆಂಬುದು ಇನ್ನೂ ಗೊತ್ತಾಗಿಲ್ಲ. ಈ ಸಲ ಕಟ್ಟೆಯವರ ಹೆಸರನ್ನೂ ಸರದಿಯಲ್ಲಿ ಬರೆದಿದ್ದೇವೆ.